ವಾಗ್ಭಂಗವೂ ಕಾವ್ಯಸಂಕ್ಷೇಪವೂ

ಸ್ವೀಡನ್ ದೇಶದ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರನು ೧೯೯೦ರಲ್ಲಿ ಪಾರ್ಶ್ವವಾಯುವಿಗೆ ಗುರಿಯಾದನು. ದೇಹದ ಬಲಭಾಗವು ಸ್ವಾಧೀನ ತಪ್ಪಿತು. ಮಾತು ಬಹುಮಟ್ಟಿಗೆ ನಿಂತುಹೋಯಿತು. ಆ ಬಳಿಕ ೧೯೯೬ರಲ್ಲಿಯೂ ೨೦೦೪ರಲ್ಲಿಯೂ ಪ್ರಕಟವಾದ ಅವನ ಸಂಕಲನಗಳು ಬಹು ಕಿರಿದಾದವು. ಎರಡನೆಯದರಲ್ಲಿ ಹೆಚ್ಚಿನವು ಜಪಾನೀಯರ ಹೈಕು ಪದ್ಧತಿಯ ಮೂರು ಸಾಲಿನ ಪದ್ಯಗಳು. ಈ ಸಂಕ್ಷೇಪವು ರೋಗಲಕ್ಷಣವೋ ಕಾವ್ಯಗುಣವೋ ಎಂಬುದು ವಿಚಾರಾರ್ಹವಾಗಿದೆ.

ರೋಗಲಕ್ಷಣವೆಂಬ ಪೂರ್ವಪಕ್ಷಕ್ಕೆ ಶರೀರಶಾಸ್ತ್ರದ ಆಧಾರವಿಲ್ಲದೆ ಇಲ್ಲ. ಈ ವ್ಯಾಧಿಯ ಸಾಮಾನ್ಯ ಬಗೆಯಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತವು ತಡೆಯಲ್ಪಡುವುದರಿಂದ ಅಲ್ಲಿಯ ನರಕೋಶಗಳು ಶಕ್ತಿಗುಂದುತ್ತವೆ. ಆಗ ಗ್ಲುಟಮೇಟ್ ಎಂಬ ದ್ರವ್ಯವು ಮಿತಿಮೀರಿ ಹೊರಸೂಸಿ ನೆರೆಯ ಕೋಶಗಳ ದ್ವಾರಗಳನ್ನು ತೆರೆಯಲು, ಕ್ಯಾಲ್ಸಿಯಂ ಒಳನುಗ್ಗಿ ಅವುಗಳನ್ನು ಕೆಡಿಸುತ್ತದೆ. ಸಹಜಸ್ಥಿತಿಯಲ್ಲಿ ಕಲಿಕೆಗೂ ಸ್ಮೃತಿಗೂ ಸಾಧನವಾದ ದ್ರವ್ಯವೇ ಅತಿಯಾದಾಗ ಮಾರಕವಾಗುವುದು. ಅನಂತರದ ಉರಿಯೂತವೂ ಹಾನಿಯನ್ನು ಬೆಳೆಸಬಲ್ಲುದು. ಹೀಗೆ ಅವಧಾನ, ಸ್ಮೃತಿ, ವಿವೇಚನೆಗಳು ಕುಂದುವುದುಂಟು. ಕವಿಗೂ ಹಾಗೆಯೇ ಆಗಿ ಪದ್ಯವು ಕಿರಿದಾಯಿತೆಂಬುದು ವಾದ.

ಈ ವಾದವು ನಿಲ್ಲದು. ಹಾನಿಯ ಕ್ರಮವು ಒಂದೇ ಆದರೂ ಅದು ನಡೆದ ಸ್ಥಾನವನ್ನನುಸರಿಸಿ ಫಲವು ಬೇರೆಯಾಗುತ್ತದೆ. ಭಾಷಾಸ್ಥಾನವು ಕೆಟ್ಟು ಮಾತು ಕುಂಠಿತವಾದ ಮಾತ್ರಕ್ಕೆ ವಿವೇಕವೂ ಹೋಯಿತೆನ್ನಲಾಗದು. ಅದಕ್ಕೆ ಬೇರೆ ಪ್ರಮಾಣ ಬೇಕು. ಈ ಕವಿಯಾದರೋ ರೋಗಾನಂತರವೂ ಎಡಗೈಯೊಂದರಿಂದಲೇ ಪಿಯಾನೋ ನುಡಿಸುತ್ತಿದ್ದನು. ಭರ್ತೃಹರಿಯು ವಾಕ್ಕನ್ನು ಪಶ್ಯಂತೀ, ಮಧ್ಯಮಾ, ವೈಖರೀ ಎಂದು ವಿಭಾಗಿಸಿರುವನು. ಆ ವಿಭಾಗವು ವೈದ್ಯಶಾಸ್ತ್ರವಲ್ಲ; ಆದರೂ ಉಚ್ಚರಿತವಾದುದೇ ವಾಕ್ಕಿನ ಸರ್ವಸ್ವವಲ್ಲವೆಂಬ ಎಚ್ಚರಿಕೆಯನ್ನು ವಿಮರ್ಶಕನಿಗೆ ಕೊಡುತ್ತದೆ.

ಕಾಲಕ್ರಮವಂತೂ ಪೂರ್ವಪಕ್ಷಕ್ಕೆ ನೇರವಾಗಿ ವಿರುದ್ಧವಾಗಿದೆ. ೧೯೫೪ರ ಪ್ರಥಮ ಸಂಕಲನದಲ್ಲಿ ಇದ್ದುದು ೧೭ ಪದ್ಯಗಳು ಮಾತ್ರ. ರೋಗಕ್ಕೆ ಮೂವತ್ತೊಂದು ವರ್ಷ ಮೊದಲೇ, ೧೯೫೯ರಲ್ಲಿ, ಕವಿಯು ಹೈಕುಗಳನ್ನು ರಚಿಸಿದ್ದನು. ಆದರೆ ೧೯೭೪ರಲ್ಲಿ ಬಾಲ್ಟಿಕ್ ಸಮುದ್ರವನ್ನು ಕುರಿತು ದೀರ್ಘಕಾವ್ಯವೊಂದನ್ನು ಬರೆದವನು ಮುಂದೆ ಅಂತಹುದನ್ನು ಪ್ರಕಟಿಸಲಿಲ್ಲವೆಂಬುದನ್ನೂ ಮರೆಯಲಾಗದು. ರೋಗವು ವಿಸ್ತಾರದ ದಾರಿಯನ್ನು ಮುಚ್ಚಿರಬಹುದು. ಸಂಕ್ಷೇಪದ ದಾರಿಯು ಮಾತ್ರ ಮೊದಲೇ ಸಿದ್ಧವಾಗಿದ್ದಿತು.

ಆದುದರಿಂದ ರೋಗದ ಇತಿಹಾಸವನ್ನರಿತೂ ಪದ್ಯದ ಗುಣದೋಷಗಳನ್ನು ಪದ್ಯದಲ್ಲಿಯೇ ಪರೀಕ್ಷಿಸುವುದು ಯುಕ್ತವಾದುದು. ಕೋಶವು ಕೆಟ್ಟ ಬಗೆಯನ್ನು ಶರೀರಶಾಸ್ತ್ರವು ತಿಳಿಸಬಲ್ಲುದು. ಉಳಿದ ಕೆಲವೇ ಮಾತುಗಳು ಕಾವ್ಯವಾದ ಬಗೆಯನ್ನು ತಿಳಿಸುವುದು ಸಾಹಿತ್ಯವಿಮರ್ಶೆಯ ಹೊಣೆಯೇ ಸರಿ.