ಬಹುಜನಹಿತವೆಂಬ ಮಾತು: ಒಂದು ಬ್ರಿಟಿಷ್ ಗೂಢಚಾರ ಚಲಚ್ಚಿತ್ರದ ವಿಮರ್ಶೆ

ಚಲಚ್ಚಿತ್ರವೊಂದರ ಗುಣದೋಷಗಳನ್ನು ಇತಿಹಾಸದ ಅಧ್ಯಾಪಕರು ವಿವೇಚಿಸಹೊರಡುವುದು ತಮ್ಮ ಎಲ್ಲೆಯನ್ನು ಮೀರಿದಂತೆ ಎಂದು ಕೆಲವರಿಗೆ ತೋರಬಹುದು. ಆದರೆ ಆ ಚಿತ್ರದ ವಸ್ತು ರಾಜ್ಯಶಕ್ತಿಯ ಗುಪ್ತ ವ್ಯವಹಾರವಾಗಿರುವಾಗ, ಪ್ರಜೆಗಳ ಹಿತವನ್ನು ಅವರಿಗೆ ತಿಳಿಸದೆಯೇ ಕಾಯುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯನ್ನು ಅದು ತನ್ನ ಹೆಸರಿನಲ್ಲಿಯೇ ಎತ್ತಿರುವಾಗ, ಆ ವಿವೇಚನೆ ನಮಗೆ ಹೊರಗಿನದಾಗಲಾರದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಾಲೇಜುಗಳಲ್ಲಿ ಓದುತ್ತಿರುವ ತರುಣರು ಇಂತಹ ಚಿತ್ರಗಳನ್ನು ಈಗ ತಮ್ಮ ಕೈಯಲ್ಲಿರುವ ಫೋನುಗಳಲ್ಲಿಯೇ ನೋಡುತ್ತಾರೆ. ಅವರು ನೋಡುವುದನ್ನು ನಾವೂ ನೋಡಿ, ಅದರ ವಿಚಾರವನ್ನು ತೂಗಿ ಹೇಳುವುದು ಅಧ್ಯಾಪನದ ಒಂದು ಅಂಗವೇ ಸರಿ.

ನಾವು ಇಲ್ಲಿ ಪರಿಶೀಲಿಸುವ ಚಿತ್ರ ೨೦೧೫ರಲ್ಲಿ ತೆರೆಕಂಡ 'ಸ್ಪೂಕ್ಸ್: ದಿ ಗ್ರೇಟರ್ ಗುಡ್' ಎಂಬುದು. ಇದರ ಮೂಲ, ಬಿ.ಬಿ.ಸಿ. ಸಂಸ್ಥೆಯು ೨೦೦೨ರಿಂದ ೨೦೧೧ರವರೆಗೆ ಹತ್ತು ಸರಣಿಗಳಲ್ಲಿ, ಒಟ್ಟು ೮೬ ಕಂತುಗಳಲ್ಲಿ ಪ್ರಸಾರ ಮಾಡಿದ 'ಸ್ಪೂಕ್ಸ್' ಎಂಬ ದೂರದರ್ಶನ ಧಾರಾವಾಹಿ. ಬ್ರಿಟನ್ನಿನ ಒಳನಾಡಿನ ಭದ್ರತೆಯನ್ನು ನೋಡಿಕೊಳ್ಳುವ ಎಂ.ಐ. ೫ ಎಂಬ ಗುಪ್ತಚರ ಇಲಾಖೆಯ ನೌಕರರ ಕಥೆ ಇದು. ಧಾರಾವಾಹಿಯ ಮೊದಲ ಕಂತನ್ನು ನಿರ್ದೇಶಿಸಿದ ಭರತ್ ನಲ್ಲೂರಿಯವರೇ ಚಿತ್ರವನ್ನೂ ನಿರ್ದೇಶಿಸಿದ್ದಾರೆ. ಇವರು ನಮ್ಮ ನೆರೆಯ ಆಂಧ್ರದ ಗುಂಟೂರಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದವರೆಂಬುದು ಗಮನಾರ್ಹ. ಇಲಾಖೆಯ ಹಿರಿಯ ಅಧಿಕಾರಿ ಹ್ಯಾರಿ ಪಿಯರ್ಸನ ಪಾತ್ರವನ್ನು ಧಾರಾವಾಹಿಯ ಹತ್ತೂ ಸರಣಿಗಳಲ್ಲಿ ನಿರ್ವಹಿಸಿದ ಪೀಟರ್ ಫರ್ತ್ ಚಿತ್ರದಲ್ಲಿಯೂ ಅದನ್ನೇ ನಿರ್ವಹಿಸಿದ್ದಾರೆ.

ಕಥೆ ಹೀಗಿದೆ. ಖಾಸಿಮ್ ಎಂಬ ಭಯೋತ್ಪಾದಕನನ್ನು ಅಮೆರಿಕದ ಗುಪ್ತಚರ ಇಲಾಖೆಗೆ ಒಪ್ಪಿಸಲು ಕರೆದೊಯ್ಯುತ್ತಿರುವಾಗ ಲಂಡನ್ನಿನ ವಾಹನದಟ್ಟಣೆಯಲ್ಲಿ ಬೆಂಗಾವಲು ಪಡೆ ಸಿಕ್ಕಿಕೊಳ್ಳುತ್ತದೆ. ಬಂದೂಕುಧಾರಿಗಳು ಸುತ್ತುವರಿಯುತ್ತಾರೆ. ದಾರಿಯಲ್ಲಿರುವ ಜನರ ಜೀವ ಉಳಿಯಲೆಂದು ಹ್ಯಾರಿ ಸೆರೆಯಾಳನ್ನು ಬಿಟ್ಟುಕೊಡುತ್ತಾನೆ. ಅಪಕೀರ್ತಿಗೆ ಗುರಿಯಾಗಿ ಕೆಲಸ ಕಳೆದುಕೊಂಡ ಆತನು ನದಿಗೆ ಹಾರಿ ಸತ್ತಂತೆ ತೋರಿಸಿ ಕಣ್ಮರೆಯಾಗುತ್ತಾನೆ. ಹಿಂದೊಮ್ಮೆ ಆತನೇ ಕೆಲಸದಿಂದ ತೆಗೆದುಹಾಕಿದ್ದ ವಿಲ್ ಹಾಲೋವೇ ಎಂಬ ತರುಣನನ್ನು ಇಲಾಖೆಯು ಆತನ ಶೋಧಕ್ಕೆ ಕಳುಹಿಸುತ್ತದೆ. ಇಲಾಖೆಯನ್ನು ಕುಗ್ಗಿಸಿ ಅಮೆರಿಕದ ಅಂಕೆಗೆ ಒಳಪಡಿಸಬೇಕೆಂದು ಒಳಗಿನವರೇ ಯಾರೋ ಈ ಪಲಾಯನವನ್ನು ಏರ್ಪಡಿಸಿದರೆಂಬುದು ಹ್ಯಾರಿಯ ಶಂಕೆ. ಆ ದ್ರೋಹಿಯನ್ನು ಕಂಡುಹಿಡಿಯಲು ಆತನು ಖಾಸಿಮನೊಡನೆಯೇ ವ್ಯವಹಾರಕ್ಕಿಳಿಯುತ್ತಾನೆ.

ಈ ಚಿತ್ರವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಜೇಮ್ಸ್ ಬಾಂಡ್ ಚಿತ್ರಗಳ ವೈಭವಕ್ಕೆ ಒಗ್ಗಿದವರು, ಇದು ದೂರದರ್ಶನದ ಒಂದು ಕಂತನ್ನು ಹಿಗ್ಗಿಸಿ ಬೆಳ್ಳಿತೆರೆಗೆ ತಂದಂತಿದೆ ಎನ್ನುತ್ತಾರೆ. ಧಾರಾವಾಹಿಯ ಅಭಿಮಾನಿಗಳಾದರೋ, ತಮಗೆ ಪರಿಚಿತವಾದ ಲೋಕ ಮರಳಿ ದೊರೆತುದೇ ಸಾಕೆಂದು ಸಂತೋಷಪಡುತ್ತಾರೆ. ಈ ಎರಡೂ ಅಭಿಪ್ರಾಯಗಳು ಚಿತ್ರದ ಗಾತ್ರವನ್ನು ಕುರಿತವು. ದೂರದರ್ಶನದಿಂದ ಬಂದುದೆಂಬ ಮಾತ್ರಕ್ಕೆ ಗೂಢಚಾರ ಕಥೆ ಕಿರಿದಾಗುವುದಿಲ್ಲ. ಜೇಮ್ಸ್ ಬಾಂಡನೇ ಮೊದಲು ಕಾಣಿಸಿಕೊಂಡುದು ೧೯೫೪ರಲ್ಲಿ ಅಮೆರಿಕದ ದೂರದರ್ಶನದಲ್ಲಿ. ಚಲಚ್ಚಿತ್ರಕ್ಕೆ ಆತ ಬಂದುದು ೧೯೬೨ರಲ್ಲಿ. ಆದಕಾರಣ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹತ್ತು ವರ್ಷಗಳ ಕಥೆಯನ್ನು ಎರಡು ಗಂಟೆಗೂ ಕಡಿಮೆ ಅವಧಿಗೆ ಇಳಿಸುವಾಗ ಯಾವುದು ಉಳಿಯಿತು, ಯಾವುದು ಸೋರಿಹೋಯಿತು?

ಧಾರಾವಾಹಿಯ ಬಲವಿದ್ದುದು ಬೆಲೆ ತೆರುವುದರಲ್ಲಿ. ೨೦೦೨ರ ಎರಡನೆಯ ಕಂತಿನಲ್ಲಿಯೇ, ಮುಖ್ಯ ಪಾತ್ರವೆಂದು ನೋಡುಗರು ನಂಬಿದ್ದ ತರುಣಿಯೊಬ್ಬಳು ಕ್ರೂರವಾಗಿ ಕೊಲೆಯಾದಳು. ಅದನ್ನು ನೋಡಿ ದೂರು ಸಲ್ಲಿಸಿದ ವೀಕ್ಷಕರು ಅನೇಕರು. ಮುಂದೆ ವರ್ಷದಿಂದ ವರ್ಷಕ್ಕೆ ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ಮಡಿದರು, ಗಡೀಪಾರಾದರು, ಮನಸ್ಸು ಮುರಿದು ಹೊರಟುಹೋದರು. ಹ್ಯಾರಿ ಪ್ರೀತಿಸಿದ ರೂತ್ ೨೦೧೧ರ ಕೊನೆಯ ಕಂತಿನಲ್ಲಿ ಸತ್ತಳು. 'ಬಹುಜನಹಿತ' ಎಂಬ ಮಾತನ್ನು ಯಾರಾದರೂ ಆಡಿದಾಗ, ಅದಕ್ಕೆ ತೆತ್ತವರ ಮುಖಗಳು ನೋಡುಗರ ಕಣ್ಣ ಮುಂದೆ ಸುಳಿಯುತ್ತಿದ್ದುವು. ಚಿತ್ರದಲ್ಲಿ ಆ ಮಾತು ಶೀರ್ಷಿಕೆಯೇ ಆಗಿದೆ. ಮುಖಗಳು ಮಾತ್ರ ಇಲ್ಲ. ಹ್ಯಾರಿಯನ್ನು ನಂಬಬೇಕೆಂದು ಚಿತ್ರವು ನಮ್ಮನ್ನು ಕೇಳುತ್ತದೆ. ಆ ನಂಬಿಕೆಗೆ ಬೇಕಾದ ಬಂಡವಾಳವನ್ನು ಧಾರಾವಾಹಿಯಿಂದ ಸಾಲ ತರುತ್ತದೆ. ಧಾರಾವಾಹಿಯನ್ನು ನೋಡದವರಿಗೆ ಹ್ಯಾರಿಯು ಕಾನೂನನ್ನು ಕೈಗೆತ್ತಿಕೊಂಡ ಒಬ್ಬ ವೃದ್ಧ ಅಧಿಕಾರಿ, ಅಷ್ಟೆ.

ಇಂತಹ ಸಾಲ ನಮ್ಮ ಚಿತ್ರರಂಗಕ್ಕೂ ಅಪರಿಚಿತವಲ್ಲ. ದೊರೈ–ಭಗವಾನ್ ಜೋಡಿಯು ೧೯೬೮ರಲ್ಲಿ 'ಜೇಡರ ಬಲೆ'ಯಿಂದ ಆರಂಭಿಸಿ, ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. ೯೯೯', ೧೯೬೯ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯', ೧೯೭೮ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಎಂಬ ಚಿತ್ರಗಳನ್ನು ಕೊಟ್ಟಿತು. ಬಾಂಡನ ೦೦೭ಕ್ಕೆ ಕನ್ನಡದ ೯೯೯ ಉತ್ತರವಾಯಿತು. ಆ ಕಾಲಕ್ಕೆ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲವಾದುದರಿಂದ ಧಾರಾವಾಹಿಯ ಹಿನ್ನೆಲೆಯ ಮಾತೇ ಇಲ್ಲ. ಆದರೂ ೯೯೯ ಸಂಖ್ಯೆಯ ಪ್ರಕಾಶನನ್ನು ಯಾವ ಪ್ರೇಕ್ಷಕನೂ ಶಂಕಿಸಲಿಲ್ಲ. ಆ ಪಾತ್ರವನ್ನು ವಹಿಸಿದ ರಾಜ್‌ಕುಮಾರರು ೧೯೬೦ರಲ್ಲಿ ಕನಕದಾಸರಾಗಿ, ೧೯೬೫ರಲ್ಲಿ ಸತ್ಯಹರಿಶ್ಚಂದ್ರನಾಗಿ ಜನರ ಮನಸ್ಸಿನಲ್ಲಿ ನೆಲೆಸಿದ್ದವರು. ಮೂರು ವರ್ಷಗಳ ಹಿಂದೆ ಸತ್ಯಕ್ಕಾಗಿ ಸ್ಮಶಾನ ಕಾದವನು ಈಗ ವೇಷ ಮರೆಸಿಕೊಂಡು ಸುಳ್ಳಾಡಿದರೂ ಅದು ಒಳಿತಿಗೇ ಎಂದು ಪ್ರೇಕ್ಷಕರು ತಿಳಿದರು. ಆ ಚಿತ್ರಗಳು ವಿನೋದಕ್ಕೆ ಮೀರಿದ ಹಕ್ಕನ್ನು ಸಾಧಿಸಲಿಲ್ಲವಾದುದರಿಂದ ಅಲ್ಲಿ ಈ ಸಾಲ ಕ್ಷಮ್ಯ. ರಾಜ್ಯನೀತಿಯ ಪ್ರಶ್ನೆಯನ್ನು ಶೀರ್ಷಿಕೆಯಾಗಿ ಹೊತ್ತ ಚಿತ್ರಕ್ಕೆ ಅದೇ ವಿನಾಯಿತಿ ಸಲ್ಲದು.

ಗೂಢಚಾರನ ಮಾತನ್ನು ನಂಬುವುದು ಹೇಗೆಂಬುದನ್ನು ಪ್ರಾಚೀನರೂ ಚಿಂತಿಸಿದ್ದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಗರಿಗಳ ಆಧಾರದ ಮೇಲೆ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಚಾರರ ಹಲವು ಬಗೆಗಳನ್ನು ಹೇಳುತ್ತದೆ: ಶಿಷ್ಯನ ವೇಷದವನು, ಗೃಹಸ್ಥನ ವೇಷದವನು, ವ್ಯಾಪಾರಿ, ತಾಪಸ, ವಿಷವಿಕ್ಕುವವನು, ಭಿಕ್ಷುಕಿ. ಜೊತೆಗೆ ಒಂದು ಕಟ್ಟಳೆಯನ್ನೂ ವಿಧಿಸುತ್ತದೆ: ಪರಸ್ಪರ ಪರಿಚಯವಿಲ್ಲದ ಮೂವರು ಚಾರರ ವರದಿ ಒಂದೇ ಆಗಿದ್ದರೆ ಮಾತ್ರ ಅದನ್ನು ನಂಬಬೇಕು. ಆ ಗ್ರಂಥದಲ್ಲಿ ಕರುಣೆಯ ಅಂಶ ಕಡಿಮೆಯೆನ್ನುವವರೂ ಈ ಎಚ್ಚರವನ್ನು ಒಪ್ಪಬೇಕು. ಚಿತ್ರದಲ್ಲಿ ಹ್ಯಾರಿಯು ತಾನೇ ಚಾರ, ತಾನೇ ಸಾಕ್ಷಿ, ತಾನೇ ನ್ಯಾಯಾಧಿಪತಿ. ಆತನ ಶಂಕೆ ಕೊನೆಗೆ ನಿಜವಾಗುವಂತೆ ಕಥೆಯನ್ನು ಹೆಣೆದಿರುವುದರಿಂದ ಆತನ ವಿಧಾನವೂ ಸರಿಯೆಂಬ ಭಾವನೆ ಉಳಿಯುತ್ತದೆ. ಫಲ ಸರಿಯಾದುದರಿಂದ ವಿಧಾನವೂ ಸರಿಯೆಂದು ಹೇಳುವುದು ಇತಿಹಾಸದ ವಿದ್ಯಾರ್ಥಿಗೆ ಒಪ್ಪಿಗೆಯಾಗಬಾರದ ತರ್ಕ.

ಗುಪ್ತವ್ಯವಸ್ಥೆಯು ತಡೆಯಿಲ್ಲದೆ ಬೆಳೆದಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆಯನ್ನು ಏರ್ಪಡಿಸಿದರು. ಅಂಚೆಯವರು ಓಲೆಗಳನ್ನು ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಪ್ರಾಂತಗಳ ಗುಟ್ಟುಗಳನ್ನು ಅರಮನೆಗೆ ತಿಳಿಸುವ ಆಪ್ತರೂ ಆಗಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಹೇಳುತ್ತಾನೆ. ಮುಂದೆ ಹೈದರನ ಕಾಲದಲ್ಲಿ ಅದು ಜನರನ್ನು ಬೆದರಿಸುವ ಸಾಧನವಾಯಿತೆಂಬುದೂ ಆತನ ಅಭಿಪ್ರಾಯ. ವಿಲ್ಕ್ಸ್ ಇಂಗ್ಲಿಷರ ಪಕ್ಷದವನೆಂಬುದನ್ನು ಮರೆಯದೆ ಈ ಮಾತನ್ನು ಓದಬೇಕು. ಆದರೂ ಪ್ರಜೆಗೆ ಉಪಕಾರಿಯಾದ ಒಂದು ಸಂಸ್ಥೆ ಪ್ರಜೆಯ ಮೇಲೆಯೇ ಕಣ್ಣಿಡುವ ಸಂಸ್ಥೆಯೂ ಆಗಿರಬಲ್ಲುದೆಂಬ ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಮ್ಮ ಜಿಲ್ಲೆಯ ಮಾತು. ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಶಾಂತಿರಕ್ಷಣೆಯೇ ಆಗಲೂ ಹೇಳಿದ ಕಾರಣ, ಅಂದರೆ ಬಹುಜನಹಿತವೇ. ಸತ್ತವರೆಷ್ಟು ಮಂದಿ ಎಂಬುದರಲ್ಲಿ ಸರ್ಕಾರದ ಎಣಿಕೆಗೂ ಜನರ ಎಣಿಕೆಗೂ ಬಹಳ ಅಂತರವಿತ್ತು. ಮೂವತ್ತಕ್ಕೂ ಹೆಚ್ಚೆಂದು ಜನ ಹೇಳಿದರು. ಆದರೆ ಸಂಗತಿಯನ್ನು ಮುಚ್ಚಿಡಲಾಗಲಿಲ್ಲ. ವಿಚಾರಣೆ ನಡೆಯಿತು, ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ ರಾಷ್ಟ್ರಧ್ವಜವನ್ನು ಸಂಸ್ಥಾನದ ಧ್ವಜದೊಡನೆ ಹಾರಿಸಲು ಅನುಮತಿ ದೊರೆಯಿತು. ಹಿತದ ಹೆಸರಿನಲ್ಲಿ ನಡೆದ ಕೃತ್ಯವನ್ನು ಆ ಹಿತಕ್ಕೆ ಬಾಧ್ಯರಾದ ಜನರೇ ಪ್ರಶ್ನಿಸಿದುದರಿಂದ ಈ ಫಲ ಲಭಿಸಿತು. ಚಿತ್ರದಲ್ಲಿ ಇಂತಹ ಪ್ರಶ್ನೆಯನ್ನು ಕೇಳುವ ಒಬ್ಬ ಸಾಮಾನ್ಯ ನಾಗರಿಕನೂ ಇಲ್ಲ. ಲಂಡನ್ನಿನ ಜನರು ಅಲ್ಲಿ ದಾರಿಯಲ್ಲಿ ಸಿಕ್ಕಿಕೊಂಡ ಗುಂಪು ಮಾತ್ರ. ಯಾರ ಹಿತಕ್ಕಾಗಿ ಇಷ್ಟೆಲ್ಲ ನಡೆಯುತ್ತದೆಯೋ ಅವರಿಗೆ ಅದರಲ್ಲಿ ಮಾತಿಲ್ಲ. ಚಿತ್ರದ ಮುಖ್ಯ ದೋಷ ಇದೆಂದು ನಮಗೆ ತೋರುತ್ತದೆ.

ಅವಧಿಯ ಕೊರತೆಯನ್ನು ಇದಕ್ಕೆ ಸಮಾಧಾನವಾಗಿ ಹೇಳುವಂತಿಲ್ಲ. ಲ ಕಾರೆಯ ೧೯೭೪ರ ಕಾದಂಬರಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ'ಯನ್ನು ಬಿ.ಬಿ.ಸಿ. ೧೯೭೯ರಲ್ಲಿ ಏಳು ಕಂತುಗಳಲ್ಲಿ ತೋರಿಸಿತು. ಅದೇ ಕಾದಂಬರಿಯನ್ನು ೨೦೧೧ರಲ್ಲಿ ತೋಮಾಸ್ ಆಲ್‌ಫ್ರೆಡ್‌ಸನ್ ಎರಡು ಗಂಟೆಗಳ ಚಿತ್ರವಾಗಿಸಿದರು. ಅಲ್ಲಿಯೂ ಇಲಾಖೆಯೊಳಗಿನ ದ್ರೋಹಿಯ ಶೋಧವೇ ವಸ್ತು. ಆದರೆ ಕಥಾನಾಯಕ ಸ್ಮೈಲಿ ಕಡತಗಳನ್ನು ಓದುತ್ತಾನೆ, ಒಬ್ಬರ ಹೇಳಿಕೆಯನ್ನು ಮತ್ತೊಬ್ಬರ ಹೇಳಿಕೆಯೊಡನೆ ಹೋಲಿಸುತ್ತಾನೆ, ಬಹಳ ಹೊತ್ತು ಸುಮ್ಮನೆ ಕೇಳುತ್ತಾನೆ. ದ್ರೋಹಿ ಸಿಕ್ಕಿಬಿದ್ದಾಗಲೂ ಗೆಲುವಿನ ಸಂತೋಷವಿಲ್ಲ. ಸ್ನೇಹವೊಂದು ನಾಶವಾದ ದುಃಖವಿದೆ. ಆಕರಗಳನ್ನು ಹೋಲಿಸಿ ನೋಡುವ ಚರಿತ್ರಕಾರನ ಕೆಲಸಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹಾಗೆಂದು ನಲ್ಲೂರಿಯವರ ಚಿತ್ರದಲ್ಲಿ ಗುಣಗಳಿಲ್ಲವೆಂದಲ್ಲ. ಆರಂಭದ ವಾಹನದಟ್ಟಣೆಯ ದೃಶ್ಯದಲ್ಲಿ ಒಬ್ಬ ಅಧಿಕಾರಿ ತನ್ನ ಕೀರ್ತಿಗಿಂತ ಅಪರಿಚಿತರ ಜೀವವನ್ನು ದೊಡ್ಡದೆಂದು ಎಣಿಸುವುದು ನಿಜವಾದ ನೈತಿಕ ಕ್ಷಣ. ಪೀಟರ್ ಫರ್ತರ ದಣಿದ ಮುಖ ಸಂಭಾಷಣೆ ಹೇಳದುದನ್ನು ಎಷ್ಟೋ ಕಡೆ ಹೇಳುತ್ತದೆ. ಮಿತ್ರರಾಷ್ಟ್ರವೇ ಮಿತ್ರನ ಸ್ವಾತಂತ್ರ್ಯವನ್ನು ನುಂಗಬಹುದೆಂಬ ಶಂಕೆಯನ್ನು ಎತ್ತಿರುವುದೂ ಧೈರ್ಯದ ಕೆಲಸ. ಮೊದಲ ದೃಶ್ಯದ ಪ್ರಶ್ನೆಯನ್ನು ಕೊನೆಯವರೆಗೂ ಒಯ್ದಿದ್ದರೆ ಚಿತ್ರವು ತನ್ನ ಹೆಸರಿಗೆ ತಕ್ಕುದಾಗುತ್ತಿತ್ತು.

ಗುಟ್ಟು ತನ್ನಷ್ಟಕ್ಕೆ ಕೆಟ್ಟದೆಂಬುದು ನಮ್ಮ ವಾದವಲ್ಲ. ವಿದುರಾಶ್ವತ್ಥಕ್ಕೆ ಹೆಸರು ಕೊಟ್ಟ ವಿದುರನೇ ಇದಕ್ಕೆ ಸಾಕ್ಷಿ. ಅರಗಿನ ಮನೆಯ ಸಂಚನ್ನು ಅರಿತು, ಇತರರಿಗೆ ತಿಳಿಯದ ನುಡಿಯಲ್ಲಿ ಧರ್ಮರಾಯನಿಗೆ ಎಚ್ಚರಿಕೆ ಕೊಟ್ಟು, ಸುರಂಗ ತೋಡುವವನನ್ನು ಗುಟ್ಟಾಗಿ ಕಳುಹಿಸಿ ಪಾಂಡವರ ಜೀವ ಉಳಿಸಿದವನು ಆತ. ಅದೇ ವಿದುರ ದ್ಯೂತಸಭೆಯಲ್ಲಿ ದ್ರೌಪದಿಗೆ ಅನ್ಯಾಯವಾದಾಗ ಎಲ್ಲರೆದುರಿಗೆ ದೊರೆಯ ಮುಖ ನೋಡಿ ತಪ್ಪನ್ನು ತಪ್ಪೆಂದನು. ಸಭೆಯಲ್ಲಿ ಹಾಗೆ ನುಡಿಯಬಲ್ಲವನಾದುದರಿಂದಲೇ ಆತನ ಗುಟ್ಟನ್ನು ನಾವು ನಂಬುತ್ತೇವೆ. ಹ್ಯಾರಿ ಪಿಯರ್ಸನಿಗೆ ಸುರಂಗದ ದಾರಿ ಚೆನ್ನಾಗಿ ಗೊತ್ತು. ಆತನು ಉತ್ತರ ಹೇಳಬೇಕಾದ ಸಭೆಯನ್ನು ಮಾತ್ರ ಚಿತ್ರವು ಕಟ್ಟಿಲ್ಲ. ನಮ್ಮ ವಿದ್ಯಾರ್ಥಿಗಳು ಈ ಚಿತ್ರವನ್ನು ಅವಶ್ಯವಾಗಿ ನೋಡಲಿ. 'ಬಹುಜನಹಿತ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಬಹುಜನರು ಯಾರು, ಅವರನ್ನು ಕೇಳಿದವರು ಯಾರು ಎಂದು ವಿಚಾರಿಸಲಿ.