ಎತ್ತರದ ಅಳತೆ, ಕೋಣೆಯ ಬೆಂಕಿ

ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲಾದ ನಾಲ್ಕನೆಯ ಭಾಗಕ್ಕೆ ವಿಮರ್ಶೆಯಿಂದ ಒಂದು ಬಗೆಯ ವಿನಾಯಿತಿ ದೊರೆತುಬಿಟ್ಟಿದೆ. ದೇಶದ ಯಾವ ನಗರದಲ್ಲಿ ಬಹುಮಹಡಿ ಕಟ್ಟಡ ಹೊತ್ತಿ ಉರಿದರೂ ಸಂಪಾದಕೀಯಗಳು, ತಜ್ಞರ ಸಂದರ್ಶನಗಳು, ಸಮಿತಿಗಳ ವರದಿಗಳು ಒಂದೇ ತೀರ್ಪಿಗೆ ಬಂದು ನಿಲ್ಲುತ್ತವೆ: ನಿಯಮ ಚೆನ್ನಾಗಿಯೇ ಇದೆ, ಪಾಲನೆ ಮಾತ್ರ ಇಲ್ಲ. ಪಾಲನೆ ಇಲ್ಲವೆಂಬ ಮಾತು ನಿಜ. ಆದರೆ ಆ ನಿಜವೇ ನಿಯಮದ ಪಠ್ಯವನ್ನು ಯಾರೂ ತೆರೆದು ನೋಡದಂತೆ ಕಾವಲು ಕಾಯುತ್ತಿದೆ. ಸಂಹಿತೆ ತನ್ನಷ್ಟಕ್ಕೆ ಶಿಫಾರಸು ಮಾತ್ರವಾಗಿದ್ದು, ರಾಜ್ಯಗಳು ತಮ್ಮ ಕಾಯ್ದೆ ಮತ್ತು ಉಪವಿಧಿಗಳಲ್ಲಿ ಅದನ್ನು ಸೇರಿಸಿಕೊಂಡಾಗಲೇ ಬಂಧಕವಾಗುತ್ತದೆ ಎಂಬ ಸಂಗತಿ ಎಲ್ಲರಿಗೂ ಗೊತ್ತಿರುವಂಥದು. ಮೆಟ್ಟಿಲುಗಳ ಅಗಲ, ಹೊರದಾರಿಯ ದೂರ, ಬೆಂಕಿ ತಡೆಯುವ ಬಾಗಿಲು ಇವುಗಳನ್ನು ಕುರಿತ ಅಧ್ಯಾಯಗಳು ಶ್ರಮಪಟ್ಟು ಬರೆದವು ಎಂಬುದನ್ನೂ ಒಪ್ಪಬಹುದು. ತಕರಾರು ಇರುವುದು ಒಂದೇ ಕಡೆ, ವಸತಿ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಸಂಹಿತೆ ನಿರ್ಧರಿಸುವ ರೀತಿಯಲ್ಲಿ.

ಆ ನಿರ್ಧಾರಕ್ಕೆ ಸಂಹಿತೆ ಹಿಡಿದ ಅಳತೆಗೋಲು ಕಟ್ಟಡದ ಎತ್ತರ. 15 ಮೀಟರ್ ಮುಟ್ಟಿದ ಕಟ್ಟಡ ಅದರ ಲೆಕ್ಕದಲ್ಲಿ ಎತ್ತರದ ಕಟ್ಟಡ. ಅಲ್ಲಿಂದ ಮೇಲಕ್ಕೆ ಮಜಲು ಮಜಲಾಗಿ ಬೇಡಿಕೆಗಳು ಹೆಚ್ಚುತ್ತ ಹೋಗುತ್ತವೆ. 15 ಮೀಟರಿಗಿಂತ ತಗ್ಗಾದ ವಸತಿ ಕಟ್ಟಡದ ಮನೆಗಳೊಳಗೆ ಸ್ಪ್ರಿಂಕ್ಲರ್ ಕಡ್ಡಾಯವಲ್ಲ. ಎತ್ತರದ ಕಟ್ಟಡಗಳ ಮೊದಲ ಮಜಲಿನಲ್ಲಿಯೂ ಅದು ಕಡ್ಡಾಯವಾಗುವುದು 200 ಚದರ ಮೀಟರಿಗಿಂತ ದೊಡ್ಡದಾದ ನೆಲಮಾಳಿಗೆಗೆ, ಅಂದರೆ ಸಾಮಾನ್ಯವಾಗಿ ಕಾರು ನಿಲ್ಲಿಸುವ ಜಾಗಕ್ಕೆ. ನೆಲಮಾಳಿಗೆಯ ಬೆಂಕಿ ಮೇಲಿನ ಇಡೀ ಕಟ್ಟಡಕ್ಕೆ ಹೊಗೆ ಕಳಿಸುತ್ತದೆಯಾದ್ದರಿಂದ ಈ ಏರ್ಪಾಡಿಗೆ ಸಮರ್ಥನೆಯಿದೆ. ಆದರೂ ಜನ ಮಲಗುವ ಕೋಣೆಗೆ ಇಲ್ಲದ ನೀರು ವಾಹನಕ್ಕೆ ಮೊದಲು ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆಯನ್ನು ಆ ಸಮರ್ಥನೆ ತಣಿಸುವುದಿಲ್ಲ.

ಎತ್ತರವೆಂಬ ಈ ಅಳತೆ ಬಂದದ್ದು ಅಗ್ನಿಶಾಮಕ ದಳದ ಏಣಿಯಿಂದ. ಹೊರಗಿನಿಂದ ಏಣಿ ಹಾಕಿ ಜನರನ್ನು ಇಳಿಸುವುದು, ಕೆಳಗಿನಿಂದ ನೀರು ಹಾಯಿಸುವುದು ಎಲ್ಲಿಯವರೆಗೆ ಸಾಧ್ಯವೋ ಅಲ್ಲಿಯವರೆಗಿನ ಕಟ್ಟಡ ಸಾಧಾರಣ, ಅದಕ್ಕಿಂತ ಮೇಲಿನದು ಅಪಾಯಕರ ಎಂಬ ವಿಂಗಡಣೆ ರಕ್ಷಣೆಗೆ ಬರುವವರ ಕೈ ಎಟುಕುವ ದೂರವನ್ನು ಅಳೆಯುತ್ತದೆಯೇ ಹೊರತು ಬೆಂಕಿಯ ಸ್ವಭಾವವನ್ನಲ್ಲ. ರಕ್ಷಕರ ಕೆಲಸಕ್ಕೆ ಸಂಬಂಧಿಸಿದ ಸಲಕರಣೆಗಳನ್ನು ಎತ್ತರಕ್ಕೆ ಕಟ್ಟಿಹಾಕುವುದು ಸರಿಯೇ: ಮಹಡಿ ಮಹಡಿಗೂ ಒತ್ತಡದ ನೀರು ತುಂಬಿಕೊಂಡು ನಿಂತಿರುವ ನಿಲುಗೊಳವೆ, ಅಂದರೆ ವೆಟ್ ರೈಸರ್, ಎತ್ತರದ ಕಟ್ಟಡಕ್ಕೇ ಬೇಕು, ತಪ್ಪಿಸಿಕೊಂಡವರು ರಕ್ಷಕರಿಗಾಗಿ ಕಾಯುವ, 24 ಮೀಟರಿನಿಂದ ಆರಂಭವಾಗುವ ಆಶ್ರಯ ತಾಣವೂ ಅಷ್ಟೇ. ಸ್ಪ್ರಿಂಕ್ಲರ್ ಮಾತ್ರ ಈ ಸಾಲಿಗೆ ಸೇರುವ ವಸ್ತುವಲ್ಲ, ಏಕೆಂದರೆ ಅದು ರಕ್ಷಕರು ಬರುವುದಕ್ಕೆ ಮೊದಲಿನ ನಿಮಿಷಗಳಿಗೆ ಸೇರಿದ್ದು, ಮತ್ತು ಆ ನಿಮಿಷಗಳು ಎರಡನೆಯ ಮಹಡಿಯಲ್ಲಿಯೂ ಇಪ್ಪತ್ತನೆಯ ಮಹಡಿಯಲ್ಲಿಯೂ ಒಂದೇ.

ಸ್ಪ್ರಿಂಕ್ಲರಿನ ಕೆಲಸದ ರೀತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚಾವಣಿಯ ಕೊಳವೆಯಿಂದ ಇಳಿಬಿದ್ದ ಪ್ರತಿಯೊಂದು ತಲೆಯ ಬಾಯಿಯನ್ನು ದ್ರವ ತುಂಬಿದ ಪುಟ್ಟ ಗಾಜಿನ ಬಲ್ಬೊಂದು ಒತ್ತಿ ಮುಚ್ಚಿರುತ್ತದೆ. ಕೆಂಪು ದ್ರವದ ಬಲ್ಬು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು, ಆ ತಲೆಯೊಂದೇ ನೀರು ಚಿಮ್ಮತೊಡಗುತ್ತದೆ. ಚಲನಚಿತ್ರಗಳಲ್ಲಿ ಸಿಗರೇಟಿನ ಹೊಗೆಗೆ ಇಡೀ ಮಹಡಿಯ ತಲೆಗಳು ಒಮ್ಮೆಗೇ ಸುರಿಯುವುದು ನಿರ್ದೇಶಕರ ಅನುಕೂಲಕ್ಕೆ ಮಾತ್ರ. ಹೊಗೆಗೆ ಬಲ್ಬು ಒಡೆಯುವುದಿಲ್ಲ, ಮನೆಗಳ ಬೆಂಕಿಯಲ್ಲಿ ಬಹುಪಾಲು ಒಂದೇ ತಲೆ ತೆರೆದು ಕೆಲಸ ಮುಗಿಸುತ್ತದೆ. ಕೆ-80 ಎಂದು ಕರೆಯುವ ಸಾಮಾನ್ಯ ತಲೆಯಿಂದ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್, ಅರ್ಧ ಬಾರ್‌ನಲ್ಲಿ ಸುಮಾರು 57 ಲೀಟರ್ ನೀರು ಬರುತ್ತದೆ. ಬೆಂಕಿಯನ್ನು ಪೂರ್ತಿ ಆರಿಸದಿದ್ದರೂ ಅದು ಬೆಳೆಯದಂತೆ ಹಿಡಿದಿಡಲು ಇಷ್ಟು ಸಾಕು. ಹೀಗೆ ಸ್ಪ್ರಿಂಕ್ಲರ್ ಅರಿಯುವುದು ತನ್ನ ಕೆಳಗಿನ ಕೋಣೆಯನ್ನಷ್ಟೆ.

ಹಾಗಿದ್ದೂ ಸಂಹಿತೆ ಅದನ್ನು ಕಟ್ಟಡದ ಗಾತ್ರಕ್ಕೆ ಅಂಟಿಸಿರುವುದಕ್ಕೆ ಚಾರಿತ್ರಿಕ ಕಾರಣವೊಂದಿದೆ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಹೆನ್ರಿ ಪಾರ್ಮಲೀ 1874ರಲ್ಲಿ ಪೇಟೆಂಟ್ ಪಡೆದ ಮೊದಲ ಬಳಕೆಯೋಗ್ಯ ಸ್ವಯಂಚಾಲಿತ ಸ್ಪ್ರಿಂಕ್ಲರ್ ಕಾದದ್ದು ಅವನ ಪಿಯಾನೊ ಕಾರ್ಖಾನೆಯನ್ನು. ಬಳಿಕ ಅದನ್ನು ಸಾಕಿ ಬೆಳೆಸಿದವರು ಹತ್ತಿ ಗಿರಣಿಗಳಿಗೆ ವಿಮೆ ಕೊಡುತ್ತಿದ್ದ ಕಂಪನಿಗಳು. ನಿದ್ರಿಸುವ ಮನುಷ್ಯನನ್ನು ಉದ್ದೇಶಿಸಿದ ಗೃಹ ಸ್ಪ್ರಿಂಕ್ಲರಿನ ಅಮೆರಿಕನ್ ಮಾನದಂಡ ಬಂದದ್ದು 1975ರಲ್ಲಿ, ನೂರು ವರ್ಷ ತಡವಾಗಿ. ಎತ್ತರದ ಮಜಲುಗಳನ್ನು ಪಟ್ಟಿಮಾಡುವ ಭಾರತದ ಸಂಹಿತೆಯ ಕೋಷ್ಟಕ ಆ ಮೊದಲ ನೂರು ವರ್ಷದ ಮನೋಧರ್ಮದಲ್ಲೇ ನಿಂತಿದೆ: ಆಸ್ತಿ ದೊಡ್ಡದಾದಷ್ಟೂ ರಕ್ಷಣೆ ಹೆಚ್ಚು. ಇದಕ್ಕೆ ವ್ಯತಿರಿಕ್ತವಾಗಿ ಬ್ರಿಟನ್ನಿನ ವೇಲ್ಸ್, ಆನ್ ಜೋನ್ಸ್ ಎಂಬ ಶಾಸಕಿ ಮಂಡಿಸಿದ 2011ರ ಮಸೂದೆಯ ಫಲವಾಗಿ, 2016ರ ಜನವರಿಯಿಂದ ಎಲ್ಲ ಹೊಸ ಮನೆಗಳಿಗೂ, ಅವು ಒಂದೇ ಅಂತಸ್ತಿನವಾದರೂ, ಸ್ಪ್ರಿಂಕ್ಲರನ್ನು ಕಡ್ಡಾಯ ಮಾಡಿತು. ಎತ್ತರವನ್ನು ಕೈಬಿಟ್ಟು ಮನೆಯನ್ನೇ ಘಟಕವಾಗಿ ಹಿಡಿದ ಈ ಕಾನೂನಿನ ಹೆಸರೂ ಭಾರತದ ಚರ್ಚೆಗಳಲ್ಲಿ ಕೇಳಿಬರುವುದು ಅಪರೂಪ.

2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ಸತ್ತರು. ಒಬ್ಬರು ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿನ ಹಿಂದೆ ಸಿಕ್ಕಿಬಿದ್ದದ್ದನ್ನು ಸುತ್ತಲಿನವರು ಕಣ್ಣಾರೆ ಕಂಡರೂ ಏನೂ ಮಾಡಲಾಗಲಿಲ್ಲ. ಅದು ಏಣಿಗೆ ಎಟುಕದ ಗಗನಚುಂಬಿಯಾಗಿರಲಿಲ್ಲ. ಕಳ್ಳರ ಭಯಕ್ಕೆ ಹಾಕುವ ಗ್ರಿಲ್ಲು, ಒಂದೇ ಬಾಗಿಲು, ಆ ಬಾಗಿಲಿನ ದಾರಿಯಲ್ಲಿ ಬೆಂಕಿ ಇವು ಮೂರು ಕೂಡಿದಾಗ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಮರುವರ್ಷ ರಾಜ್ಯದ ಅಗ್ನಿಶಾಮಕ ಇಲಾಖೆಗೆ 90 ಮೀಟರ್ ಏರುವ ಏಣಿ ವಾಹನ ಬಂತು, ವಿಧಾನಸೌಧದ ಮುಂದೆ ಅದನ್ನು ಮೆರೆಸಲಾಯಿತು. ಗ್ರಿಲ್ಲಿನ ಮುಂದೆ 90 ಮೀಟರಿನ ಏಣಿಗೂ ಒಂಬತ್ತು ಮೀಟರಿನ ಏಣಿಗೂ ವ್ಯತ್ಯಾಸವೇನು ಎಂದು ಆ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ.

ಮನೆಯೊಳಗಿನ ಸ್ಪ್ರಿಂಕ್ಲರಿಗೆ ಎದುರಾಗಿ ನಿಲ್ಲುವವರಲ್ಲಿ ಎರಡು ಪಂಗಡಗಳಿವೆ. ಮೊದಲ ಪಂಗಡ ಕಾಂಕ್ರೀಟ್‌ವಾದಿಗಳದು. ಅಮೆರಿಕದ ಮನೆಗಳು ಮರದವು, ನಮ್ಮವು ಕಾಂಕ್ರೀಟಿನವು, ಆದ್ದರಿಂದ ಇಲ್ಲಿ ಸ್ಪ್ರಿಂಕ್ಲರ್ ಆಡಂಬರ ಎಂಬುದು ಅವರ ವಾದ. ಕಾಂಕ್ರೀಟ್ ಉರಿಯುವುದಿಲ್ಲ ನಿಜ, ಆದರೆ ಮನುಷ್ಯನನ್ನು ಕೊಲ್ಲುವುದು ಗೋಡೆಯಲ್ಲ, ಸೋಫಾದೊಳಗಿನ ಪಾಲಿಯುರೆಥೇನ್ ಫೋಮು, ಮಾಡ್ಯುಲರ್ ಅಡುಗೆಮನೆಯ ಪ್ಲೈವುಡ್ಡು, ಪರದೆ, ಹಾಸಿಗೆ. ಅಮೆರಿಕದ ಯುಎಲ್ ಪ್ರಯೋಗಾಲಯ ಹಳೆಯ ಕಾಲದ ಪೀಠೋಪಕರಣಗಳ ಕೋಣೆಯನ್ನೂ ಇಂದಿನ ಕೃತಕ ವಸ್ತುಗಳ ಕೋಣೆಯನ್ನೂ ಪಕ್ಕಪಕ್ಕದಲ್ಲಿ ಹೊತ್ತಿಸಿ ನೋಡಿದಾಗ ಹೊಸ ಕೋಣೆ ನಾಲ್ಕು ನಿಮಿಷದೊಳಗೇ ಫ್ಲ್ಯಾಶ್‌ಓವರ್, ಅಂದರೆ ಕೋಣೆಯ ಸಮಸ್ತವೂ ಒಮ್ಮೆಲೇ ಹೊತ್ತಿಕೊಳ್ಳುವ ಸ್ಥಿತಿ, ತಲುಪಿತು. ಹಳೆಯದಕ್ಕೆ ಸುಮಾರು 29 ನಿಮಿಷ ಬೇಕಾಯಿತು. ಎರಡು ಕೋಣೆಗಳ ನಡುವಿನ ಅಂತರ ಒಳಗಿಟ್ಟ ಸಾಮಾನಿನದು. ಕಾಂಕ್ರೀಟ್‌ವಾದಿಗಳು ವರ್ಣಿಸುವ ಮನೆ ಚಾಪೆ ಹಾಸಿ ಮಲಗುತ್ತಿದ್ದ ಕಾಲದ ಮನೆ. ಬ್ರೋಷರಿನಲ್ಲಿ ಮಾರಾಟವಾಗುತ್ತಿರುವುದು ಬೇರೆಯದು.

ಎರಡನೆಯ ಪಂಗಡ ಹೆಚ್ಚು ಓದಿಕೊಂಡದ್ದು, ಆದ್ದರಿಂದ ಹೆಚ್ಚು ಕಾಟದ್ದು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಅದರ ಅಸ್ತ್ರ. 2017ರ ಜೂನ್ 14ರಂದು 72 ಜನರನ್ನು ಬಲಿ ತೆಗೆದುಕೊಂಡ ಆ 24 ಅಂತಸ್ತಿನ ಕಟ್ಟಡದಲ್ಲಿ ಬೆಂಕಿ ಹಬ್ಬಿದ್ದು ಹೊರಗೋಡೆಗೆ ಹೊದಿಸಿದ್ದ, ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಮ್ ಹಲಗೆಗಳ ಮೂಲಕ; ಒಳಗಿನ ಸ್ಪ್ರಿಂಕ್ಲರ್ ಹೊರಗಿನ ಬೆಂಕಿಗೆ ಏನು ಮಾಡೀತು ಎಂಬುದು ಈ ಪಂಗಡದ ಪ್ರಶ್ನೆ. ನ್ಯಾಯಮೂರ್ತಿ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಆಯೋಗ 2019ರ ಮೊದಲ ವರದಿಯಲ್ಲಿ, ಸ್ಪ್ರಿಂಕ್ಲರ್ ಕುರಿತು ಸಾಕ್ಷ್ಯ ಕೇಳಿಲ್ಲವೆಂಬ ಕಾರಣ ಕೊಟ್ಟು ಹಳೆಯ ಕಟ್ಟಡಗಳಿಗೆ ಅದನ್ನು ಅಳವಡಿಸುವ ಶಿಫಾರಸು ಮಾಡದೆ ಬಿಟ್ಟದ್ದು ಇವರಿಗೆ ಬಲ ಕೊಟ್ಟಿತು. ಆದರೆ ಅದೇ ವರದಿಯ ಕಾಲಾನುಕ್ರಮವನ್ನು ನಿಧಾನವಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ನಾಲ್ಕನೆಯ ಮಹಡಿಯ ಅಡುಗೆಮನೆಯ ಫ್ರಿಜ್ಜಿನಲ್ಲಿ ಬೆಂಕಿ ಕಂಡು ಕರೆ ಹೋದದ್ದು ರಾತ್ರಿ 12 ಗಂಟೆ 54 ನಿಮಿಷಕ್ಕೆ. ಅದು ಹೊರ ಹೊದಿಕೆಗೆ ತಗುಲಿದ್ದು ಸುಮಾರು ಕಾಲು ಗಂಟೆಯ ನಂತರ. ಅಲ್ಲಿಂದ ಮುಂದೆ, ರಾತ್ರಿ 1 ಗಂಟೆ 27 ನಿಮಿಷದ ಹೊತ್ತಿಗೆಲ್ಲ, ತಾರಸಿ ಮುಟ್ಟಿತ್ತು. ಚಾವಣಿಯಡಿ ಕೂಡಿದ ಬಿಸಿ ಹೊಗೆ ಕಿಟಕಿಯ ಪಿವಿಸಿ ಚೌಕಟ್ಟನ್ನು ಮೆತ್ತಗಾಗಿಸಿ ಕುಸಿಯುವಂತೆ ಮಾಡಿ ಹೊದಿಕೆಯ ಹಿಂದಿನ ಸಂದಿಗೆ ದಾರಿ ತೆರೆದಿರುವ ಸಂಭವವೇ ಹೆಚ್ಚು ಎಂದು ಆಯೋಗವೇ ಹೇಳಿದೆ.

ಎಂದರೆ, ಹೊರಗಿನ ಬೆಂಕಿ ಕಾಲು ಗಂಟೆಯ ಕಾಲ ಒಳಗಿನ ಬೆಂಕಿಯಾಗಿತ್ತು, ಒಂದು ಅಡುಗೆಮನೆಯ ಬೆಂಕಿಯಾಗಿತ್ತು. ಚೌಕಟ್ಟು ಕುಸಿಯುವಂತೆ ಮಾಡುವಷ್ಟು ಬಿಸಿಯಾದ ಹೊಗೆ ಅದಕ್ಕೂ ಮೊದಲು 68 ಡಿಗ್ರಿಯನ್ನು ದಾಟಿಯೇ ಬಂದಿರಬೇಕು, ಆ ಚಾವಣಿಯಲ್ಲಿ ಬಲ್ಬೊಂದಿದ್ದರೆ ಅದು ಒಡೆದಿರಬೇಕು. ಫಲಿತಾಂಶ ಬದಲಾಗುತ್ತಿತ್ತೆಂದು ಶಪಥ ಮಾಡಲು ಯಾರಿಗೂ ಸಾಧ್ಯವಿಲ್ಲ. ಆದರೆ ಗ್ರೆನ್‌ಫೆಲ್ ಸ್ಪ್ರಿಂಕ್ಲರಿನ ನಿರರ್ಥಕತೆಗೆ ಸಾಕ್ಷಿ ಎನ್ನುವವರು ಘಟನೆಯ ಮೊದಲ ಹದಿನೈದು ನಿಮಿಷಗಳನ್ನು ಹರಿದು ಎಸೆದು ಉಳಿದದ್ದನ್ನಷ್ಟೇ ಓದುತ್ತಿದ್ದಾರೆ. 2020ರ ನವೆಂಬರಿನಲ್ಲಿ ಇಂಗ್ಲೆಂಡ್ ಹೊಸ ವಸತಿ ಸಮುಚ್ಚಯಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯವಾಗುವ ಎತ್ತರವನ್ನು 30 ಮೀಟರಿನಿಂದ 11ಕ್ಕೆ ಇಳಿಸಿತು ಎಂಬುದನ್ನೂ ಅವರು ಉಲ್ಲೇಖಿಸುವುದಿಲ್ಲ. ಇಂಗ್ಲೆಂಡ್ ಕೂಡ ಎತ್ತರದ ಅಳತೆಗೋಲನ್ನು ಬಿಡಲಿಲ್ಲ, ಮೊಟಕುಗೊಳಿಸಿತು ಅಷ್ಟೆ.

ಸ್ಪ್ರಿಂಕ್ಲರ್ ಎಲ್ಲ ಬೆಂಕಿಗೂ ಮದ್ದಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ವಿದ್ಯುತ್ ಡಕ್ಟಿನಿಂದ ಎದ್ದು ಮಹಡಿಗಳಿಗೆ ನುಗ್ಗಿದ ಹೊಗೆಯಿಂದ ಮತ್ತು ಅದಕ್ಕೆ ಹೆದರಿ ಕೆಳಗೆ ಹಾರಿದ್ದರಿಂದ. ಕೋಣೆಯ ಚಾವಣಿಯ ತಲೆ ಡಕ್ಟಿನ ಬೆಂಕಿಯನ್ನು ಅರಿಯುವುದೇ ಇಲ್ಲ. ನಿರ್ವಹಣೆಯ ಅವಸ್ಥೆಯೂ ಗೊತ್ತಿರುವುದೇ: ಕೊಳವೆಯ ಒತ್ತಡ ಕಾಯುವ ಸಣ್ಣ ಜಾಕಿ ಪಂಪನ್ನು ಕರೆಂಟ್ ಬಿಲ್ಲಿಗಾಗಿ ಆಫ್ ಮಾಡಿ, ಸೋರುವ ಕಡೆ ವಾಲ್ವ್ ತಿರುಗಿಸಿ ಮುಚ್ಚಿ, ತಲೆಗಳ ಮೇಲೆ ಬಣ್ಣ ಬಳಿದು ನಿಶ್ಚಿಂತೆಯಿಂದಿರುವ ಅಸೋಸಿಯೇಷನ್ನುಗಳು ಕಡಿಮೆಯಿಲ್ಲ. ಇವೆಲ್ಲ ಸ್ಪ್ರಿಂಕ್ಲರನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬುದಕ್ಕೆ ವಾದಗಳು, ಇಟ್ಟುಕೊಳ್ಳಬಾರದೆಂಬುದಕ್ಕಲ್ಲ.

ಕೊನೆಗೆ ಉಳಿಯುವುದು ಖರ್ಚಿನ ಮಾತು, ಅದಕ್ಕೆ ಉತ್ತರ ಸಂಹಿತೆಯ ಕೋಷ್ಟಕದೊಳಗೇ ಇದೆ. ಎತ್ತರದ ವಸತಿ ಕಟ್ಟಡಗಳಿಗೆ ಅದು ಹೇಳುವ ಮುಖ್ಯ ಪಂಪು ನಿಮಿಷಕ್ಕೆ 2280 ಲೀಟರಿನದು, ತುತ್ತತುದಿಯಲ್ಲಿ ಇರಬೇಕೆನ್ನುವ ಒತ್ತಡ ಸುಮಾರು 3.5 ಬಾರ್. ನಾಲ್ಕು ತಲೆಗಳು ಒಟ್ಟಿಗೆ ತೆರೆದರೂ ಒಂದು ಬಾರ್ ಒತ್ತಡದಲ್ಲಿ ಬೇಕಾಗುವುದು ನಿಮಿಷಕ್ಕೆ 320 ಲೀಟರ್. ಒಂದೇ ನಿಲುಗೊಳವೆಯಿಂದ ಹೋಸನ್ನೂ ಸ್ಪ್ರಿಂಕ್ಲರನ್ನೂ ನಡೆಸುವುದು ಅಮೆರಿಕದಲ್ಲಿ ಹಳೆಯ ವಾಡಿಕೆ. ಪಂಪಿಗೆ, ತೊಟ್ಟಿಗೆ, ಕೊಳವೆಗೆ ಹಣ ಹಾಕಿಸಿ ನೀರನ್ನು ಪ್ರತಿ ಮಹಡಿಗೆ ಏರಿಸಿದ ಮೇಲೆ, ಮನೆಯ ಬಾಗಿಲಿನ ಹೊರಗೆ ಅದನ್ನು ನಿಲ್ಲಿಸುವುದು ಮಿತವ್ಯಯವಲ್ಲ. ನಿಲುಗೊಳವೆಯಿಲ್ಲದ ತಗ್ಗು ಕಟ್ಟಡಗಳ ಲೆಕ್ಕವೂ ಹೆದರಿಸುವಂಥದಲ್ಲ: ಒಂದೆರಡು ಕುಟುಂಬಗಳ ಮನೆಗಳಿಗಾಗಿ ಬರೆದ ಗೃಹ ಸ್ಪ್ರಿಂಕ್ಲರಿನ ಅಮೆರಿಕನ್ ಮಾನದಂಡ ಕೇಳುವುದು ಎರಡು ತಲೆಗಳಿಗೆ ಹತ್ತು ನಿಮಿಷದ ನೀರು, ಅರ್ಧ ಬಾರ್‌ನಲ್ಲಿ ಲೆಕ್ಕ ಹಾಕಿದರೆ ಸುಮಾರು 1100 ಲೀಟರ್, ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಸಂಪಿನಲ್ಲಿಯೂ ಕಾದಿಡಬಹುದಾದಷ್ಟು. ತಾರಸಿಯ ತೊಟ್ಟಿಯಿಂದ ಮೇಲಿನ ಮಹಡಿಗೆ ಸಾಕಷ್ಟು ಒತ್ತಡ ಬಾರದಿರುವುದರಿಂದ ಚಿಕ್ಕ ಪಂಪೊಂದು ಬೇಕಾಗುತ್ತದೆ. ಅದರ ಗಾತ್ರ, ವಿದ್ಯುತ್ ಹೋದಾಗಿನ ಬದಲಿ ವ್ಯವಸ್ಥೆ, ವರ್ಷಕ್ಕೆ ಎಷ್ಟು ಸಲ ಯಾರು ಅದನ್ನು ಚಾಲೂ ಮಾಡಿ ನೋಡಬೇಕೆಂಬ ನಿಯಮ ಇವೇ ಸಂಹಿತೆಯ ಮುಂದಿನ ಪರಿಷ್ಕರಣೆ ಬರೆಯಬೇಕಾದ ಪುಟಗಳು.