ಹಾಡು ಮುಗಿದ ಮೇಲೂ ಗಿಟಾರ್

ಟ್ರೀಸ್ ಎಂಬ ಲಂಡನ್ ಬ್ಯಾಂಡಿನ ಮಾತು ಬಂದಾಗಲೆಲ್ಲ ‘ಅಯ್ಯೋ, ಫೇರ್‌ಪೋರ್ಟ್ ಕನ್ವೆನ್ಷನ್ನಿನ ನಕಲು’ ಎಂದು ಪಕ್ಕಕ್ಕೆ ಸರಿಸುವವರು ಒಬ್ಬರಾದರೂ ಇರುತ್ತಾರೆ. ಆರೋಪ ಪೂರ್ತಿ ಸುಳ್ಳೂ ಅಲ್ಲ. ಫೇರ್‌ಪೋರ್ಟಿನವರ ‘ಲೀಜ್ ಅಂಡ್ ಲೀಫ್’ 1969ರ ಡಿಸೆಂಬರಿನಲ್ಲಿ ಬಂತು. ಟ್ರೀಸ್‌ನ ಮೊದಲ ಎಲ್‌ಪಿ ‘ದಿ ಗಾರ್ಡನ್ ಆಫ್ ಜೇನ್ ಡೆಲಾನಿ’ ಮರುವರ್ಷದ ಏಪ್ರಿಲಿನಲ್ಲಿ. ಎರಡರಲ್ಲೂ ಹಳೇ ಲಾವಣಿಗಳು, ಎಲೆಕ್ಟ್ರಿಕ್ ಗಿಟಾರ್, ಮುಂದೆ ನಿಂತು ಹಾಡುವ ಹೆಣ್ಣುದನಿ. ಇಷ್ಟು ಸಾಕಾಯಿತು, ವಿಮರ್ಶಕರು ತೀರ್ಪು ಬರೆದುಬಿಟ್ಟರು.

ನನ್ನ ತಕರಾರು ಬ್ಯಾರಿ ಕ್ಲಾರ್ಕ್‌ನ ಲೀಡ್ ಗಿಟಾರಿನ ಪರವಾಗಿ. ಫೇರ್‌ಪೋರ್ಟಿನ ರಿಚರ್ಡ್ ಥಾಂಪ್ಸನ್ ಎಷ್ಟೇ ದೂರ ಹೋದರೂ ಹಾಡಿನ ಕೈ ಬಿಡುವವನಲ್ಲ. ಕತೆ ಎಲ್ಲಿ ಮುಗಿಯಬೇಕೋ ಅಲ್ಲಿಗೆ ತಂದು ಮುಟ್ಟಿಸುತ್ತಾನೆ. ಕ್ಲಾರ್ಕ್‌ಗೆ ಆ ಹೊಣೆಗಾರಿಕೆ ಇಲ್ಲ. ಲಾವಣಿಯ ಎರಡು ನುಡಿ ಕಳೆಯುವಷ್ಟರಲ್ಲಿ ಅವನ ಗಿಟಾರ್ ದಾರಿ ಬಿಟ್ಟಿರುತ್ತದೆ. ಡೇವಿಡ್ ಕೋಸ್ಟಾನ ಅಕೂಸ್ಟಿಕ್ ಗಿಟಾರ್ ಮಾತ್ರ ಕೆಳಗೆ ಒಂದೇ ಸಮನೆ ಓಡುತ್ತಾ ಇರುತ್ತದೆ. ಮೊದಲ ಎಲ್‌ಪಿಯಲ್ಲಿ ಇದು ಅಲ್ಲಲ್ಲಿ ಹದ ತಪ್ಪುತ್ತದೆ, ನಿಜ. ಕೆಲವು ಕಡೆ ಗಿಟಾರ್ ಅಲೆಯುತ್ತಿದೆಯೋ ತಡಕಾಡುತ್ತಿದೆಯೋ ತಿಳಿಯುವುದಿಲ್ಲ. ಅದರ ಶೀರ್ಷಿಕೆ ಗೀತೆ ಬೇಸ್ ವಾದಕ ಬಯಾಸ್ ಬೋಶೆಲ್ಲನ ಸ್ವಂತ ರಚನೆ. ಆದರೂ ಶತಮಾನಗಳ ಹಳೆಯ ಲಾವಣಿಯಂತೆ ಕೇಳಿಸುತ್ತದೆ. ಫ್ರಾನ್ಸಿನ ಫ್ರಾಂಸ್ವಾಜ್ ಆರ್ದಿ 1972ರಲ್ಲೇ ಅದನ್ನು ತನ್ನ ಆಲ್ಬಮ್ಮಿಗೆ ಹಾಡಿಕೊಂಡಳು.

ವರ್ಷ ತುಂಬುವುದರೊಳಗೆ ಬಂದ ಎರಡನೆಯ ಎಲ್‌ಪಿ ‘ಆನ್ ದಿ ಶೋರ್’ ಬೇರೆಯದೇ ಮಟ್ಟದ್ದು. ಎರಡು ನಿಮಿಷವೂ ಇಲ್ಲದ ‘ಸೋಲ್ಜರ್ಸ್ ತ್ರೀ’ಯಿಂದ ಶುರುವಾಗಿ, ‘ಮರ್ಡಾಕ್’ ದಾಟಿ, ಏಳೂವರೆ ನಿಮಿಷದ ‘ಸ್ಟ್ರೀಟ್ಸ್ ಆಫ್ ಡೆರಿ’ಗೆ ಬರುತ್ತದೆ. ನೇಣಿಗೆ ಹೊರಟವನ ಕತೆ ಅದು. ಅದರ ಬೆನ್ನಿಗೇ ಹತ್ತು ನಿಮಿಷದ ‘ಸ್ಯಾಲಿ ಫ್ರೀ ಅಂಡ್ ಈಜಿ’. ಇದನ್ನೂ ಜನಪದರದ್ದೆಂದು ತಿಳಿದವರುಂಟು. ಅಲ್ಲ, ಬ್ರಿಟಿಷ್ ನೌಕಾಪಡೆಯಲ್ಲಿದ್ದ ಸಿರಿಲ್ ಟಾನಿ 1950ರ ದಶಕದಲ್ಲಿ ಕಟ್ಟಿದ ಹಾಡು. ಕೈಕೊಟ್ಟ ಹೆಣ್ಣಿನ ಬಗ್ಗೆ ಒಬ್ಬ ನಾವಿಕನ ಗೊಣಗಾಟ, ಅಷ್ಟೆ. ಅದನ್ನು ಸೀಲಿಯಾ ಹಂಫ್ರಿಸ್ ಹಾಡುವಾಗ ಗೊಣಗಾಟವೆಲ್ಲ ಉದುರಿ ಬರೀ ದೂರ ಉಳಿಯುತ್ತದೆ. ಆಕೆಯದು ಫೇರ್‌ಪೋರ್ಟಿನ ಸ್ಯಾಂಡಿ ಡೆನ್ನಿಯ ತುಂಬುಕಂಠವಲ್ಲ. ತೆಳು, ತಣ್ಣಗೆ, ಸ್ವಲ್ಪ ಪರಕೀಯ. ಅದೇ ಕಾರಣಕ್ಕೆ ಆ ದನಿ ಗಿಟಾರುಗಳ ನಡುವೆ ಇನ್ನೊಂದು ವಾದ್ಯವಾಗಿ ಕೂರಬಲ್ಲದು. ಅನ್ವಿನ್ ಬ್ರೌನ್‌ನ ಡ್ರಮ್ಸ್ ಬಹಳ ಹೊತ್ತು ತಡೆದುಕೊಂಡಿದ್ದು, ಆಮೇಲೆ ಏರಿದಾಗ ಇಡೀ ಹಾಡು ಏಳುತ್ತದೆ. ಇದು ಯಾರ ನಕಲು?

ಪ್ಲೇಟು ಮಾತ್ರ ಮಾರಾಟವಾಗಲಿಲ್ಲ. ಸಿಬಿಎಸ್‌ನಂಥ ದೊಡ್ಡ ಕಂಪನಿ, ಹಿಪ್ನಾಸಿಸ್ ತಂಡ ಮಾಡಿದ ಹೊದಿಕೆ, ಯಾವುದೂ ನೆರವಿಗೆ ಬರಲಿಲ್ಲ. ಮೂಲ ಐವರು ಚದುರಿದರು. ಬದಲಿ ಸದಸ್ಯರೊಂದಿಗೆ ಕೆಲಕಾಲ ಕುಂಟಿ ಬ್ಯಾಂಡು ನಿಂತಿತು.

ಆಮೇಲಿನದು ವಿಚಿತ್ರ. ಕೋಸ್ಟಾ ಗ್ರಾಫಿಕ್ ವಿನ್ಯಾಸಕನಾಗಿ ಎಲ್ಟನ್ ಜಾನ್‌ನ ಆಲ್ಬಮ್‌ಗಳಿಗೆ ಕೆಲಸ ಮಾಡಿದ. ಬೋಶೆಲ್ ಬರೆದ ‘ಐವ್ ಗಾಟ್ ದಿ ಮ್ಯೂಸಿಕ್ ಇನ್ ಮಿ’ ಕೀಕೀ ಡೀ ದನಿಯಲ್ಲಿ 1974ರ ದೊಡ್ಡ ಹಿಟ್. ಅದನ್ನು ಬರೆದ ಕೈಯೇ ಜೇನ್ ಡೆಲಾನಿಯ ತೋಟವನ್ನೂ ಬರೆದಿದ್ದೆಂದರೆ ನಂಬಿಕೆ ಬರುವುದಿಲ್ಲ. ಸೀಲಿಯಾ ದನಿ ಲಂಡನ್ ಭೂಗತ ರೈಲಿನ ನಾರ್ದರ್ನ್ ಲೈನಿನ ಪ್ರಕಟಣೆಗಳಲ್ಲಿ ಲಕ್ಷಾಂತರ ಜನರ ಕಿವಿಗೆ ಬಿತ್ತು. 2006ರಲ್ಲಿ ಅಮೆರಿಕದ ನಾರ್ಲ್ಸ್ ಬಾರ್ಕ್ಲಿ ಜೋಡಿ ‘ಸೇಂಟ್ ಎಲ್ಸ್‌ವೇರ್’ ಹಾಡಿಗೆ ಟ್ರೀಸ್‌ನ ‘ಜಾರ್ಡಿ’ಯ ತುಣುಕನ್ನು ಎತ್ತಿಕೊಂಡರು. ಮರುವರ್ಷವೇ ‘ಆನ್ ದಿ ಶೋರ್’ ಸಿಡಿಯಾಗಿ ಮತ್ತೆ ಅಂಗಡಿಗೆ ಬಂತು.

ಮೂಲ ಅಚ್ಚಿನ ಪ್ಲೇಟಿಗೆ ಈಗ ಸಂಗ್ರಾಹಕರು ಹೇಳುವ ಬೆಲೆ ನಮ್ಮಂಥವರಿಗಲ್ಲ. 2007ರ ಆ ಸಿಡಿಯ ಜೊತೆ ಹೊಸದಾಗಿ ಮಿಕ್ಸ್ ಮಾಡಿದ ಹಾಡುಗಳ ಇನ್ನೊಂದು ತಟ್ಟೆಯೂ ಇದೆ. ಅದನ್ನು ಆಮೇಲೆ ಕೇಳಿದರಾಯಿತು. ಮೊದಲು ಟೋನಿ ಕಾಕ್ಸ್ ನಿರ್ಮಿಸಿದ ಹಳೆಯದೇ ಆಗಬೇಕು, ಮತ್ತು ‘ಸ್ಯಾಲಿ’ಗೆ ಹತ್ತು ನಿಮಿಷ ಪೂರ್ತಿ ಕೊಡಬೇಕು.